ನೀರಿನ ಜೊತೆ ಜೆಟ್ಟಿಯೂ ಇಳಿಯಲಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೇ ಇಗರ್ಜಿಯ ಬುಡದವರೆಗೆ ಜನ ಕಾಲು ನೆನೆಯದೆ ನಡೆದುಹೋಗಿ ಫೋಟೊ ತೆಗೆಸಿಕೊಳ್ಳಲು ಶುರು ಮಾಡಿದರೆಂದರೆ, ಹೇಮಾವತಿ ಹಿನ್ನೀರಿನಲ್ಲಿ ಕಯಾಕ್ (ಹುಟ್ಟು ಹಾಕಿ ಓಡಿಸುವ ಕಿರಿದಾದ ಸ್ಪರ್ಧೆಯ ದೋಣಿ) ಹಾಕುವ ಮಕ್ಕಳಿಗೆ ಆ ವರ್ಷದ ನೀರು ಕೈತಪ್ಪಿತು ಎಂದೇ ಲೆಕ್ಕ. ಪ್ರತಿ ಫೆಬ್ರವರಿಯಲ್ಲೂ ಇದೇ ಪಾಡು. ಅರ್ಜಿ ಕೊಟ್ಟಾಗಿದೆ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಾಗಿದೆ, ನೆನಪೋಲೆಯೂ ಹೋಗಿದೆ. ಉತ್ತರ ಮಾತ್ರ ಬಂದಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯಬೇಕಾಗಿದೆ. ನಾವು ಕೇಳುತ್ತಿರುವುದು ಎರಡೇ: ನೀರು ಇಳಿದ ಹಾಗೆ ತಾನೂ ಇಳಿಯುವ ಒಂದು ತೇಲುವ ಜೆಟ್ಟಿ, ಅಂದರೆ ದೋಣಿ ಹತ್ತಿ ಇಳಿಯುವ ಕಟ್ಟೆ; ಬೆಳಿಗ್ಗೆ ಐದೂವರೆಗೆ ತೆರೆಯುವ ಗೇಟು.

ಹೇಮಾವತಿಗೆ ಕಟ್ಟಿದ ಗೊರೂರು ಜಲಾಶಯದ ಲೆಕ್ಕ ನಿಮಗೆ ನಾವು ಹೇಳಬೇಕಾಗಿಲ್ಲ. ತುಂಬಿದಾಗ 2,922 ಅಡಿ, 37 ಟಿಎಂಸಿ ಚಿಲ್ಲರೆ. ಬೇಸಿಗೆಗೆ ನಾಲೆಗೂ ಕುಡಿಯಲೂ ನೀರು ಹೋಗಲೇಬೇಕು, ಆ ಬಗ್ಗೆ ನಮ್ಮದೇನೂ ತಕರಾರಿಲ್ಲ. ದೋಣಿ ಹೊರುವ ಮಕ್ಕಳಲ್ಲಿ ಹೆಚ್ಚಿನವರು ರೈತರ ಮನೆಯವರೇ. ತೊಂದರೆ ಇರುವುದು ದಡದ ಇಳಿಜಾರಿನಲ್ಲಿ. ಇಳಿಜಾರು ಮೂವತ್ತಕ್ಕೆ ಒಂದರಂತೆ ಇದ್ದರೆ, ಮಟ್ಟ ಒಂದು ಅಡಿ ಇಳಿದಾಗ ನೀರಿನಂಚು ಮೂವತ್ತು ಅಡಿ ಹಿಂದೆ ಸರಿಯುತ್ತದೆ. ಹತ್ತು ಅಡಿ ಇಳಿದರೆ ಮುನ್ನೂರು ಅಡಿ. ಮಳೆಗಾಲದ ಮಟ್ಟಕ್ಕೆ ಕಟ್ಟಿದ ಕಾಂಕ್ರೀಟು ಮೆಟ್ಟಿಲು ಆಗ ಒಣನೆಲದಲ್ಲಿ ನಿಂತಿರುತ್ತದೆ. ಅಲ್ಲಿಂದ ನೀರಿನವರೆಗೆ ಬರೀ ಹೂಳು: ಮೇಲೆ ಬಿರಿದ ಹೆಪ್ಪು, ಒಳಗೆ ಅಂಬಲಿ. ನಡುನಡುವೆ ಮುಳುಗಡೆಯಾದ ತೋಟಗಳ ಮರದ ಬೊಡ್ಡೆಗಳು, ಹಳೇ ಬದುಗಳ ಕಲ್ಲುಗಳು.

ಈ ಹೂಳಿನಲ್ಲಿ ಮಕ್ಕಳು ದೋಣಿ ಹೊತ್ತು ನಡೆಯಬೇಕು. ಒಬ್ಬರು ಕೂರುವ ಸ್ಪರ್ಧೆಯ ಕೆ-1 ಕಯಾಕ್ 5.20 ಮೀಟರ್ ಉದ್ದ, ನಿಯಮದಂತೆ ಕನಿಷ್ಠ 12 ಕಿಲೊ. ಇಬ್ಬರು ಕೂರುವ ಕೆ-2 ಆರೂವರೆ ಮೀಟರ್, 18 ಕಿಲೊ. ನಾಲ್ವರ ಕೆ-4 ಹನ್ನೊಂದು ಮೀಟರ್, 30 ಕಿಲೊ. ತೂಕ ಏನೂ ದೊಡ್ಡದಲ್ಲ, ಕಾಟ ಕೊಡುವುದು ಉದ್ದ. ಗಾಳಿ ಬೀಸಿದರೆ ಹೆಗಲ ಮೇಲಿನ ದೋಣಿ ತಿರುಗಣಿಯಂತೆ ತಿರುಗುತ್ತದೆ. ಹೊರಮೈ ಕಾರ್ಬನ್ ಬಟ್ಟೆಗೆ ಎಪಾಕ್ಸಿ ರಾಳ ಕುಡಿಸಿ ಮಾಡಿದ ತೆಳು ಚಿಪ್ಪು. ನೀರಿನ ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಕಲ್ಲಿನ ಒಂದು ಮೊನೆಯನ್ನು ತಾಳುವುದಿಲ್ಲ. ಹಿಂಬದಿಯಲ್ಲಿ ತಳದ ಕೆಳಗೆ ಅಂಗೈಯಷ್ಟು ಅಗಲದ ಚುಕ್ಕಾಣಿ ಚಾಚಿಕೊಂಡಿರುತ್ತದೆ. ನೆಲಕ್ಕೆ ಮೊದಲು ತಗಲುವುದೇ ಅದು.

ಕಳೆದ ಮಾರ್ಚಿನಲ್ಲಿ ಆದದ್ದನ್ನು ನೀವು ಕೇಳಲೇಬೇಕು. ಇಬ್ಬರು ಹುಡುಗಿಯರು ಕೆ-2 ಹೊತ್ತು ನೀರಿನ ಕಡೆ ಹೋಗುತ್ತಿದ್ದರು. ಇನ್ನೇನು ಹತ್ತು ಹೆಜ್ಜೆ ಇದೆ ಎನ್ನುವಾಗ ಹಿಂದಿದ್ದವಳ ಕಾಲು ತೊಡೆಯವರೆಗೆ ಹೂಳಿನಲ್ಲಿ ಇಳಿಯಿತು. ಹೆಗಲು ಜಾರಿ ದೋಣಿಯ ಬಾಲ ಬೊಡ್ಡೆಯೊಂದರ ಮೇಲೆ ಕುಕ್ಕಿತು. ಚುಕ್ಕಾಣಿ ಬಾಗಿತು, ಅದರ ಸರಳು ಮೇಲಕ್ಕೆ ನುಗ್ಗಿ, ಕೂತಿದ್ದ ಕೊಳವೆಯ ಸುತ್ತ ತಳ ನಕ್ಷತ್ರದಂತೆ ಸೀಳಿತು. ಬಿದ್ದವಳನ್ನು ಎಳೆದು ತೆಗೆಯಲು ಇನ್ನೊಬ್ಬಳು ಹುಟ್ಟನ್ನೇ ಚಾಚಬೇಕಾಯಿತು. ಆಯ್ಕೆ ಸ್ಪರ್ಧೆಗೆ ಉಳಿದಿದ್ದು ಆರು ದಿನ.

ಇಂಥ ಸೀಳನ್ನು ಬೆಸೆಯುವುದು ಪಂಕ್ಚರ್ ಹಾಕಿದಷ್ಟು ಸುಲಭವಲ್ಲ. ಮೊದಲು ಒಳಗಿನ ತೇವ ಪೂರ್ತಿ ಆರಬೇಕು. ತೇವ ಉಳಿದರೆ ರಾಳ ಹಿಡಿಯದೆ ಪೊರೆ ಎದ್ದು ಬರುತ್ತದೆ. ಬಿರುಕಿನ ಸುತ್ತ ನಾಲ್ಕು ಬೆರಳು ಅಗಲಕ್ಕೆ 80ರ ಉಪ್ಪುಕಾಗದದಲ್ಲಿ ಉಜ್ಜಿ, ಒಂದಕ್ಕಿಂತ ಒಂದು ದೊಡ್ಡದಾದ ಮೂರು ತುಂಡು ಬಟ್ಟೆ ಇಟ್ಟು ರಾಳ ಹಚ್ಚಬೇಕು. ಗಟ್ಟಿಯಾಗಲು ಒಂದು ಹಗಲು ಒಂದು ರಾತ್ರಿ. ಆಮೇಲೆ ನೀರು ಹಾಕಿ ನುಣ್ಣಗೆ ಉಜ್ಜಿ, ಹೊಸ ಚುಕ್ಕಾಣಿಯನ್ನು ನಡುಗೆರೆಗೆ ಸರಿಯಾಗಿ ಕೂರಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ದೋಣಿ ಒಂದು ಕಡೆಗೆ ಎಳೆಯುತ್ತದೆ. ಚುಕ್ಕಾಣಿ ಊರಿನಲ್ಲಿ ಸಿಗುವ ಸಾಮಾನಲ್ಲ, ತರಿಸಿಕೊಳ್ಳಬೇಕು. ಆ ಹುಡುಗಿಯರು ಬೇರೆಯವರ ದೋಣಿಯಲ್ಲಿ ಸ್ಪರ್ಧಿಸಿದರು. ಆಸನದ ಎತ್ತರ ಬೇರೆ, ಪಾದ ಒದೆಯುವ ಹಲಗೆಯ ದೂರ ಬೇರೆ. ಕಾಲು ಒದೆಯದೆ ಸೊಂಟ ತಿರುಗುವುದಿಲ್ಲ, ಸೊಂಟ ತಿರುಗದೆ ಹುಟ್ಟಿಗೆ ಬಲ ಬರುವುದಿಲ್ಲ. ಮೊದಲ ಸುತ್ತಿನಲ್ಲೇ ಹೊರಬಿದ್ದರು.

ಇದನ್ನೆಲ್ಲ ಬರೆದುಕೊಂಡು ಒಂದು ಕಚೇರಿಗೆ ಹೋದಾಗ, ಕುರ್ಚಿಯಲ್ಲಿದ್ದವರು ಅರ್ಜಿಯನ್ನು ಓದಿ ಮುಗಿಸದೆಯೇ ಹೇಳಿದ ಮಾತು: "ನೀರಿಲ್ಲದಾಗ ಯಾಕಮ್ಮ ದೋಣಿ ಇಳಿಸ್ತೀರಾ? ಮಳೆಗಾಲದಲ್ಲಿ ಬನ್ನಿ." ಬೊಡ್ಡೆಗೆ ತಗಲಿದ ಗಾಯ ಮಾಯ್ದರೂ ಈ ಮಾತು ಮಾಯುತ್ತಿಲ್ಲ ಸ್ವಾಮಿ. ಭತ್ತದ ರೈತನಿಗೆ ಸುಗ್ಗಿ ಮುಗಿದ ಮೇಲೆ ನಾಟಿ ಹಾಕು ಎಂದು ನೀವು ಹೇಳುತ್ತೀರಾ?

ವಸಂತದ ತಿಂಗಳುಗಳು ಯಾಕೆ ಬೇಕೇಬೇಕು ಎಂದರೆ, ಈ ಆಟಕ್ಕೂ ಒಂದು ಬೇಸಾಯದ ಕ್ರಮವಿದೆ. ಚಳಿಗಾಲ ದೂರದ ಕಾಲ: ನಿಮಿಷಕ್ಕೆ 60–70 ಹುಟ್ಟಿನಂತೆ ನಿಧಾನಕ್ಕೆ ಹತ್ತು, ಹನ್ನೆರಡು ಕಿಲೊಮೀಟರ್. ಉಸಿರು ಬೆಳೆಯುವುದು ಆಗ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಉಸಿರನ್ನು ವೇಗವಾಗಿ ಮಾರ್ಪಡಿಸುವ ಕೆಲಸ. ಸಾವಿರ ಮೀಟರಿನ ಆರು ಸುತ್ತು, ನಡುವೆ ನಾಲ್ಕು ನಿಮಿಷ ವಿರಾಮ, ಹುಟ್ಟಿನ ಗತಿ 80ರ ಹತ್ತಿರ. ಇನ್ನೊಂದು ದಿನ 250 ಮೀಟರಿನ ಎಂಟು ಸುತ್ತು, ಸ್ಪರ್ಧೆಯ ಗತಿಯಲ್ಲಿ, ಅಂದರೆ ನೂರಕ್ಕೂ ಮೇಲೆ. ಮತ್ತೊಂದು ದಿನ ನಿಂತ ದೋಣಿಯಿಂದ ಐವತ್ತು ಮೀಟರಿನ ಚಿಮ್ಮು, ಹತ್ತು ಸಲ. ಇದನ್ನು ವ್ಯಾಯಾಮಶಾಲೆಯಲ್ಲಿ ಮಾಡಿ ಎನ್ನುವವರಿದ್ದಾರೆ. ಅಲ್ಲಿ ತೋಳು ಬೆಳೆದೀತು, ಹುಟ್ಟಿನ ಅಲಗು ನೀರು ಕಚ್ಚುವ ಆ ಹಿಡಿತ ಅಲ್ಲಿ ಸಿಗುವುದಿಲ್ಲ. ನಾಲ್ಕೈದು ವಾರ ನೀರು ತಪ್ಪಿದರೆ ಚಳಿಗಾಲದಲ್ಲಿ ಗಳಿಸಿದ ಉಸಿರೂ ಇಳಿದುಹೋಗುತ್ತದೆ. ಮಳೆಗಾಲಕ್ಕೆ ಬಂದರೆ ಏನಿದೆ? ಗಾಳಿ, ಅಲೆ, ತೇಲಿಬರುವ ದಿಮ್ಮಿಗಳು.

ಗೇಟಿನ ವಿಷಯ. ದಡಕ್ಕೆ ಹೋಗುವ ದಾರಿಯ ಗೇಟು ತೆರೆಯುವುದು ಒಂಬತ್ತಕ್ಕೆ. ಸಿಬ್ಬಂದಿ ಬರುವುದೇ ಆಗ ಎನ್ನುತ್ತಾರೆ. ಕೆ-1 ನೀರಿನಂಚಿನಲ್ಲಿ ನಲವತ್ತು ಸೆಂಟಿಮೀಟರ್ ಆಸುಪಾಸು ಅಗಲ. ಮೊಣಕಾಲೆತ್ತರದ ಅಲೆ ಬೇಕಾಗಿಲ್ಲ, ಗೇಣುದ್ದದ ಅಲೆಗೇ ಹೊಸಬರು ಮಗುಚುತ್ತಾರೆ. ನೀರು ಕನ್ನಡಿಯಂತೆ ಇರುವುದು ಬೆಳಗಾಗುವಾಗ. ಬಿಸಿಲೇರಿದ ಹಾಗೆ ಗಾಳಿ ಏಳುತ್ತದೆ. ಸಂಜೆಗೆ ಮುಂದೂಡೋಣ ಎಂದರೆ ಮಾರ್ಚ್–ಏಪ್ರಿಲ್ ನಮ್ಮಲ್ಲಿ ಹೂಮಳೆಯ ಕಾಲ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದವರು ಕೈಮುಗಿದು ಕಾಯುವ ಮಳೆ ಅದು, ಬರುವುದು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ. ಬಯಲು ನೀರಿನ ಮೇಲೆ ಎದ್ದು ಕಾಣುವ ವಸ್ತು ಎಂದರೆ ಕಾರ್ಬನ್ ಹುಟ್ಟು ಎತ್ತಿ ಹಿಡಿದ ಹುಡುಗ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಎಲ್ಲರೂ ದಡಕ್ಕೆ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಯಾರೂ ನೀರಿಗಿಳಿಯುವಂತಿಲ್ಲ ಎನ್ನುವುದು ನಮ್ಮ ಕಟ್ಟುನಿಟ್ಟು. ಹೀಗಾಗಿ ಸಂಜೆಯ ಅಭ್ಯಾಸವನ್ನು ನಂಬಿ ಕೂರುವಂತಿಲ್ಲ. ಜೊತೆಗೆ ಇದೇ ತಿಂಗಳುಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಐದೂವರೆಗೆ ಇಳಿದರೆ ಎಂಟಕ್ಕೆ ದಡ, ಮಿಂದು ತಿಂದು ಹತ್ತಕ್ಕೆ ಪರೀಕ್ಷೆಯ ಕೊಠಡಿ. ಒಂಬತ್ತಕ್ಕೆ ತೆರೆಯುವ ಗೇಟಿನಿಂದ ಯಾರಿಗೆ ಏನು ಉಪಯೋಗ? ಬೇಲಿ ಹಾರಿ ಹೋಗುತ್ತಾರೆ ಎಂದು ಮಕ್ಕಳ ಮೇಲೆ ದೂರಿದೆ. ಹೌದು, ಹಾರುತ್ತಾರೆ. ಹನ್ನೆರಡು ಕಿಲೊದ ದೋಣಿಯನ್ನು ಮುಳ್ಳುತಂತಿಯ ಮೇಲೆ ದಾಟಿಸಿ ಹಾರುತ್ತಾರೆ. ಗೇಟನ್ನು ಐದೂವರೆಗೆ ತೆಗೆಸಿ.

ಜೆಟ್ಟಿ ನೀರಿನ ಹಿಂದೆಯೇ ಹೋಗಬೇಕು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ, ಇದನ್ನು ಎಂಜಿನಿಯರುಗಳು ಕೂಡಲೇ ಒಪ್ಪುತ್ತಾರೆ. ಆಳ ಕಡಿಮೆಯಾದರೆ ದೋಣಿ ತನ್ನದೇ ಅಲೆಯನ್ನು ದಾಟಲಾರದೆ ಕೂತುಬಿಡುತ್ತದೆ. 2 ಮೀಟರ್ ಆಳದಲ್ಲಿ ಅಲೆಯ ಮಿತಿವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಸಾವಿರ ಮೀಟರನ್ನು 3 ನಿಮಿಷ 45 ಸೆಕೆಂಡಿನ ಹತ್ತಿರ ಮುಗಿಸುವವನ ವೇಗವೂ ಅಷ್ಟೇ. ಅಂದರೆ ಸ್ಪರ್ಧೆಯ ವೇಗ ಮುಟ್ಟಿದ ಕ್ಷಣದಲ್ಲೇ ಬಾಲ ತಗ್ಗಿ, ಮೂಗು ಎದ್ದು, ಗೋಣಿಚೀಲ ಎಳೆದಂತಾಗುತ್ತದೆ. ಒಂದು ಮೀಟರ್ ಆಳದಲ್ಲಾದರೆ ಗಂಟೆಗೆ ಹನ್ನೊಂದು ಕಿಲೊಮೀಟರಿನ ಸಾದಾ ಗತಿಗೇ ಈ ಎಳೆತ ಶುರು. ಗಡಿಯಾರ ನೋಡಿದ ಹುಡುಗ ತಾನು ಸೋತೆ ಎಂದುಕೊಳ್ಳುತ್ತಾನೆ, ಸೋತಿರುವುದು ಅವನಲ್ಲ. ಮೂರು ಮೀಟರಿಗೆ ಕಡಿಮೆಯಿಲ್ಲದ ಆಳ, ಹಳೇ ಹೊಳೆಯ ಪಾತ್ರದ ನೇರದಲ್ಲಿ, ದೋಣಿ ಓಡಲು ಒಂಬತ್ತು ಮೀಟರ್ ಅಗಲದ ನಾಲ್ಕೇ ಸಾಲು ಸಾಕು. ಪ್ರತಿ 250 ಮೀಟರಿಗೆ ಒಂದು ಬಣ್ಣದ ತೇಲುಬುರುಡೆ ಕಟ್ಟಿದರೆ ಮೀನುಗಾರರೂ ಅದನ್ನು ಬಿಟ್ಟು ಬಲೆ ಹಾಕುತ್ತಾರೆ. ಅವರ ತಪ್ಪಿಲ್ಲ, ರಾತ್ರಿ ಬಿಟ್ಟ ಬಲೆಗೆ ಬೆಳಿಗ್ಗೆ ಚುಕ್ಕಾಣಿ ಸಿಕ್ಕಿದರೆ ಹರಿಯುವುದು ಬಡವನ ಬಲೆ, ಮಗುಚುವುದು ನಮ್ಮ ದೋಣಿ.

ಜೆಟ್ಟಿ ಎಂದರೆ ಏನು ಬೇಕು ಎಂದೂ ಬರೆಯುತ್ತೇವೆ, ಆಮೇಲೆ "ಅಂದಾಜು ಇಲ್ಲ" ಎನ್ನುವುದು ಬೇಡ. ಪ್ರವಾಸಿ ದೋಣಿಗೆ ಹಾಕುವ ಎತ್ತರದ ಜೆಟ್ಟಿ ಆಗದು. ಕಯಾಕ್‌ಗೆ ಇಳಿಯುವಾಗ ಒಂದು ಕೈ ಹುಟ್ಟಿನ ಮೇಲೆ, ಹುಟ್ಟು ಜೆಟ್ಟಿಯ ಮೇಲೆ ಊರಿರುತ್ತದೆ. ಅಂಚು ನೀರಿನಿಂದ ಒಂದು ಗೇಣಿಗಿಂತ ಎತ್ತರವಿದ್ದರೆ ಕೂರುವಾಗಲೇ ದೋಣಿ ಪಕ್ಕಕ್ಕೆ ಜಾರುತ್ತದೆ. ಅರ್ಧ ಮೀಟರ್ ಚದರದ ಪ್ಲಾಸ್ಟಿಕ್ ತೇಲುಪೆಟ್ಟಿಗೆಗಳಲ್ಲಿ ಕಡಿಮೆ ಎತ್ತರದ ಮಾದರಿ ಬೇಕು. ಹನ್ನೆರಡು ಮೀಟರ್ ಉದ್ದ, ಎರಡು ಮೀಟರ್ ಅಗಲಕ್ಕೆ 96 ಪೆಟ್ಟಿಗೆ. ಕೆ-4 ಕೂಡ ಒರಗುತ್ತದೆ. ಎರಡು ತುದಿಗೆ ಸರಪಳಿ, ಸರಪಳಿಗೆ ಕಾಂಕ್ರೀಟು ಗುಂಡು, ದಡದಲ್ಲಿ ಸರಪಳಿ ಸುತ್ತಲು ಕೈಯಿಂದ ತಿರುಗಿಸುವ ಒಂದು ವಿಂಚು. ವಾರಕ್ಕೊಮ್ಮೆ ಸರಪಳಿ ಸಡಿಲಿಸಿ ನೀರಿನ ಹಿಂದೆ ತಳ್ಳಿದರಾಯಿತು. ಹೊರ ಅಂಚಿನಲ್ಲಿ ಎರಡು ಅಡಿ ನೀರಿದ್ದರೆ ಚುಕ್ಕಾಣಿ ತಳ ಮುಟ್ಟುವುದಿಲ್ಲ. ಹೂಳಿನ ಮೇಲೆ ಹಾಸಲು ತೆಂಗಿನ ನಾರಿನ ದಪ್ಪ ಚಾಪೆ, ಕೆಳಗೆ ಬಿದಿರಿನ ತಟ್ಟಿ. ತೆಂಗಿಗೆ ಹೆಸರಾದ ಅರಸೀಕೆರೆ ನಮ್ಮ ಜಿಲ್ಲೆಯಲ್ಲೇ ಇದೆ, ನಾರಿಗೆ ಬರವಿಲ್ಲ. ಇದಕ್ಕೆ ನಿಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯನ್ನು ಹೇಗೆ ಬಳಸಬಹುದು ಎನ್ನುವುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು.

ನೀರಿನ ಕಚೇರಿಗೆ ಹೋದರೆ ಕ್ರೀಡೆಯವರನ್ನು ಕೇಳಿ ಎನ್ನುತ್ತಾರೆ, ಕ್ರೀಡೆಯವರು ಮೀನಿನವರ ಒಪ್ಪಿಗೆ ತನ್ನಿ ಎನ್ನುತ್ತಾರೆ, ಮೀನಿನವರು ಮತ್ತೆ ನೀರಿನವರ ಕಡೆ ಕೈ ತೋರಿಸುತ್ತಾರೆ. ಮೂವರನ್ನೂ ಒಂದೇ ಮೇಜಿನ ಮುಂದೆ ಕೂರಿಸಬಲ್ಲವರು ನೀವು. ಭದ್ರಾ ಹಿನ್ನೀರಿಗೆ ಹೋಗಿ ಎಂಬ ಸಲಹೆಯೂ ಬಂತು. ಲಕ್ಕವಳ್ಳಿಯ ಆ ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಇದೇ ತಿಂಗಳುಗಳಲ್ಲಿ ನೀರಿಳಿದು ಎದ್ದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಅಲ್ಲಿ ನಮ್ಮ ಗದ್ದಲ ಬೇಡ. ನಮ್ಮ ಮನೆ ಮುಂದಿನ ನೀರು ನಮಗೆ ಸಾಕು.

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಜೋಡಿ ಕಯಾಕ್‌ನ ಸೋದರ ದೋಣಿಯಾದ ಕೆನೋದಲ್ಲಿ (ಮಂಡಿಯೂರಿ ಹುಟ್ಟು ಹಾಕುವ ದೋಣಿ) ಸಾವಿರ ಮೀಟರ್ ಓಟಕ್ಕೆ ಕಂಚು ತಂದಿತು. 1994ರ ಹಿರೋಶಿಮಾ ಆದ ಮೇಲೆ ಈ ಆಟದಲ್ಲಿ ದೇಶಕ್ಕೆ ಬಂದ ಏಷ್ಯನ್ ಕೂಟದ ಪದಕ ಅದು. ಭೋಪಾಲದ ಕೆರೆಯಲ್ಲಿ, ಆಲಪ್ಪುಳದ ಹಿನ್ನೀರಿನಲ್ಲಿ ಮಕ್ಕಳಿಗೆ ನೀರು ಮುಟ್ಟುವ ದಾರಿಯಿದೆ. ನಮ್ಮ ಮಕ್ಕಳ ತೋಳು ಅವರದ್ದಕ್ಕಿಂತ ಸಣ್ಣದೇನಲ್ಲ, ನೀರೂ ಸಣ್ಣದಲ್ಲ.

ಶಿವರಾತ್ರಿಯೊಳಗೆ ಜೆಟ್ಟಿ ನೀರಿಗಿಳಿಯಲಿ, ಗೇಟು ಐದೂವರೆಗೆ ತೆರೆಯಲಿ. ವಾರವಾರ ವಿಂಚು ತಿರುಗಿಸಿ ಜೆಟ್ಟಿ ಸರಿಸುವುದು, ಚಾಪೆ ತೊಳೆದು ಮತ್ತೆ ಹಾಸುವುದು, ಬುರುಡೆಗಳ ಹಗ್ಗ ನೋಡಿಕೊಳ್ಳುವುದು, ಇದಕ್ಕೆಲ್ಲ ನಿಮ್ಮ ಆಳು ಬೇಡ. ಮಕ್ಕಳು ಆಗಲೇ ಪಾಳಿ ಹಂಚಿಕೊಂಡು ಪಟ್ಟಿ ಬರೆದಿಟ್ಟಿದ್ದಾರೆ. ಗೇಟಿನ ಬೀಗದ ಕೈ ಬೆಳಿಗ್ಗೆ ಯಾರ ಮನೆಯಲ್ಲಿರುತ್ತದೆ ಎಂದು ತಿಳಿಸಿದರೆ ಮೊದಲ ಪಾಳಿಯವರು ಹೋಗಿ ಇಸಿದುಕೊಳ್ಳುತ್ತಾರೆ.

ಇಂತಿ,
ಹೇಮಾವತಿ ಹಿನ್ನೀರಿನ ಕಯಾಕಿಂಗ್ ಮಕ್ಕಳ ಪರವಾಗಿ,
ಅವರ ತರಬೇತುದಾರರು, ಹಾಸನ ಜಿಲ್ಲೆ