ತಮ್ಮನನ್ನು ನೇರವಾಗಿ ಕೇಳು, ದೋಸ್ತ

ದೋಸ್ತ,

ನಿನ್ನೆ ಫೋನಿನಲ್ಲಿ ತಮ್ಮನ ವಿಷಯ ಹೇಳುವಾಗ ನಿನ್ನ ದನಿ ನಡುಗುತ್ತಿತ್ತು. ನಾನು ಆಸ್ಪತ್ರೆಯಲ್ಲಿ ಡ್ಯೂಟಿ ಮೇಲಿದ್ದೆ, ಬಿಡಿಸಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದ್ರಾಕ್ಷಿ ತೋಟದ ಸಾಲ, ಹೊತ್ತಲ್ಲದ ಹೊತ್ತಿನ ಮಳೆ, ಬಿದ್ದ ರೇಟು. ನಿಮ್ಮ ತಿಕೋಟಾ ಕಡೆ ಇದು ಯಾರಿಗೂ ಹೊಸದಲ್ಲ. ಆದರೆ ಮನುಷ್ಯ ಸಾಯುವ ವಿಚಾರಕ್ಕೆ ಬರಲು ಸಾಲವೊಂದೇ ಕಾರಣ ಅಂದುಕೊಳ್ಳಬೇಡ. ಅದರ ಜೊತೆ ನಿದ್ದೆಗೇಡು, ಕುಡಿತ, ಯಾರ ಮುಂದೆ ಹೇಳಲಿ ಅನ್ನುವ ನಾಚಿಕೆ, ಒಳಗೊಳಗೇ ಬೆಳೆದ ಖಿನ್ನತೆ ಎಲ್ಲಾ ಸೇರಿರುತ್ತವೆ. ನನಗೆ ಜಾಸ್ತಿ ಹೆದರಿಕೆಯಾದದ್ದು ನೀನು ನಡುವೆ ಹೇಳಿದ ಒಂದು ಮಾತಿಗೆ. ಪಾಸ್‌ಬುಕ್ಕು, ಎಲ್‌ಐಸಿ ಬಾಂಡು, ಹೊಲದ ಉತಾರ ಎಲ್ಲಾ ಒಂದೇ ಚೀಲಕ್ಕೆ ಹಾಕಿ, "ಇಲ್ಲೇ ಇಟ್ಟೀನಿ, ನೆನಪಿಟ್ಕೋ" ಅಂತ ಹೆಂಡತಿಗೆ ತೋರಿಸಿದನಂತಲ್ಲ. ಅಷ್ಟು ದಿನ ಕುದಿಯುತ್ತಿದ್ದವನು ಈಗ ಒಮ್ಮೆಲೇ ಶಾಂತನಾಗಿದ್ದಾನೆ ಅಂದೆ. ಸುಧಾರಿಸಿದ ಅಂತ ನಂಬಿ ಸುಮ್ಮನಿರಬೇಡ, ಒಳಗೊಳಗೇ ಸಾಯುವ ನಿರ್ಧಾರ ಮಾಡಿರಬಹುದು.

ಅವನ ಪಕ್ಕ ಕೂತು ನೇರವಾಗಿ ಕೇಳು. "ತಮ್ಮಾ, ಜೀವ ಕಳ್ಕೊಳ್ಳೋ ವಿಚಾರ ಬರ್ತದೇನು?" ಇಷ್ಟೇ. ಹಾಗೆ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುತ್ತದೆ ಅಂತ ನಿಮ್ಮ ಅವ್ವ ಹೆದರುತ್ತಾಳೆ. ಹಾಗೇನೂ ಆಗುವುದಿಲ್ಲ. ಎಷ್ಟೋ ಜನಕ್ಕೆ ಯಾರೋ ಒಬ್ಬರು ಕೇಳಿದರಲ್ಲ ಅಂತ ಎದೆ ಹಗುರಾಗುತ್ತದೆ. ಅವನು ಹೌದು ಅಂದರೆ ಬೈಯಬೇಡ. "ಹೆಂಡ್ತಿ ಮಕ್ಕಳ ಮುಖ ನೋಡು" ಅಂತಲೂ ಅನ್ನಬೇಡ. ತಾನು ಅವರಿಗೇ ಭಾರ ಅಂತ ಅವನಿಗೆ ಆಗಲೇ ಅನಿಸಿರಬಹುದು. ಪೂರ್ತಿ ಕೇಳಿಸಿಕೋ, ಆಮೇಲೆ ಒಬ್ಬನನ್ನೇ ಬಿಡಬೇಡ. ರಾತ್ರಿ ತೋಟದ ಮನೆಗೆ ಹೋಗುವುದಾದರೆ ನೀನೂ ಜೊತೆಗೆ ಹೋಗಿ ಮಲಗು.

ಶೆಡ್ಡಿನಲ್ಲಿರುವ ಬೆಳೆಗೆ ಹೊಡೆಯುವ ಎಣ್ಣೆಯನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸು. ಸಾಯಬೇಕು ಅನ್ನುವವರು ಹೇಗಾದರೂ ಸಾಯುತ್ತಾರೆ ಅನ್ನುವ ಮಾತು ಸುಳ್ಳು. ಶ್ರೀಲಂಕಾದಲ್ಲಿ 1995ರಿಂದೀಚೆಗೆ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸುತ್ತಾ ಬಂದರು. ಮುಂದಿನ 20 ವರ್ಷಗಳಲ್ಲಿ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಆ ಕೆಟ್ಟ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ, ದೋಸ್ತ.

ಪೊಲೀಸ್ ಕೇಸ್ ಆಗ್ತದಾ ಅಂತ ಕೇಳಿದೆ ಅಲ್ವಾ? ಮನಸ್ಸಿನ ಕಷ್ಟ ಡಾಕ್ಟರ ಮುಂದೆ ಹೇಳಿಕೊಂಡರೆ ಎಂಥ ಕೇಸು? 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಆತ್ಮಹತ್ಯೆಗೆ ಪ್ರಯತ್ನಿಸಿ ಉಳಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ಕಾಣುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

14416 ಬರೆದಿಟ್ಟುಕೋ, ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನು ಒಪ್ಪದಿದ್ದರೆ ನೀನೇ ಮಾಡಿ ಕೇಳು. ಪರಿಸ್ಥಿತಿ ಕೈಮೀರುತ್ತಿದೆ ಅನಿಸಿದರೆ ಕಾಯಬೇಡ, ತಕ್ಷಣ 112ಕ್ಕೆ ಫೋನ್ ಹಚ್ಚು.

ನಾಳೆ ಬೆಳಿಗ್ಗೆ ಅವನನ್ನು ವಿಜಯಪುರಕ್ಕೆ ಕರಕೊಂಡು ಬಾ. "ನಿದ್ದಿ ಬರವಲ್ದಲ್ಲ, ಡಾಕ್ಟರಿಗೆ ತೋರಿಸೋಣು" ಅನ್ನು, ಬರುತ್ತಾನೆ. ಗುಳಿಗೆ ಶುರುಮಾಡಿದರೆ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು. ಆ ವಾರಗಳಲ್ಲಿ ನಾನೂ ಬಂದು ಹೋಗುತ್ತಿರುತ್ತೇನೆ. ಬ್ಯಾಂಕಿನ ಲೆಕ್ಕ ಮೂವರೂ ಕೂತು ನೋಡೋಣ. ನೀನೂ ಒಂದು ತುತ್ತು ಊಟ ಮಾಡು.

ನಿನ್ನ ದೋಸ್ತ