ಬೀಗ ಬಿದ್ದ ರಂಗಮಂದಿರ: ಗೆಳೆಯನಿಗೊಂದು ಪತ್ರ

ಗೆಳೆಯಾ,

ರಂಗಮಂದಿರದ ಬೀಗ ತೆಗೆಸೋಕೆ ಸಹಿ ಸಂಗ್ರಹಿಸಿ ಸಚಿವರಿಗೆ ಮನವಿ ಕೊಡ್ತೀವಿ ಅಂತ ಬರೆದಿದ್ದೀಯ. ಕೊಡು, ಬೇಡ ಅನ್ನಲ್ಲ, ಪೇಪರಿನಲ್ಲಿ ಫೋಟೊ ಬರುತ್ತೆ. ಬೀಗದ ಕೈ ಮಾತ್ರ ಬೇರೆಯವರ ಹತ್ತಿರ ಇರುತ್ತೆ.

ಮೊದಲು ಕಟ್ಟಡ ಯಾರದ್ದು ಅಂತ ತಿಳ್ಕೊ. ಪುರಸಭೆಯದೋ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದೋ, ಲೋಕೋಪಯೋಗಿಯವರು ಕಟ್ಟಿ ಇನ್ನೂ ಹಸ್ತಾಂತರ ಮಾಡಿಲ್ಲವೋ? ಯಾರ ಹೆಸರಿಗೂ ಬಾರದ ಕಟ್ಟಡಕ್ಕೆ ಕರೆಂಟ್ ಬಿಲ್ ಕಟ್ಟೋರು ಯಾರು? ಮಾಹಿತಿ ಹಕ್ಕಿನಲ್ಲಿ ಕೇಳು. 10 ರೂಪಾಯಿ ಪೋಸ್ಟಲ್ ಆರ್ಡರ್, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರೋ ಹಾಗಿಲ್ಲ. ಊರ ಪುರಾಣ ಬರೆದರೆ ಅದೇ ನೆಪ ಹೇಳಿ ವಾಪಸ್ ಕಳಿಸ್ತಾರೆ. ಮೂರು ವರ್ಷದ ಬಾಡಿಗೆ ಆದಾಯ, ವಿದ್ಯುತ್ ಬಿಲ್, ದುರಸ್ತಿ ಖರ್ಚಿನ ದಾಖಲೆಗಳ ಪ್ರತಿ ಕೇಳಿದರೆ ಸಾಕು. ‘ಯಾಕೆ ಬೀಗ ಹಾಕಿದ್ದೀರಿ’ ಅಂತ ಕೇಳಬೇಡ. ಅವರು ಕೊಡಬೇಕಾದ್ದು ಕಡತದಲ್ಲಿರೋ ಕಾಗದ, ವಿವರಣೆಯಲ್ಲ.

ಪುರಸಭೆಯದೇ ಆಗಿದ್ದರೆ, ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆ ಯಾವತ್ತು ಅಂತ ಡಿಸೆಂಬರ್‌ನಿಂದಲೇ ವಿಚಾರಿಸ್ತಾ ಇರು. ಅಲ್ಲಿ ‘ಕಲೆ ಉಳಿಸಿ’ ಅಂದರೆ ಎಲ್ಲರೂ ತಲೆಯಾಡಿಸಿ ಚರಂಡಿ ವಿಷಯಕ್ಕೆ ಹೋಗ್ತಾರೆ. ‘ನಿರ್ವಹಣೆ’ ಬಾಬ್ತಿನಲ್ಲಿ ಇಂಥದ್ದಕ್ಕೆ ಇಷ್ಟು ಅಂತ ಕೇಳು. ಹೊಸ ಕಟ್ಟಡಕ್ಕೆ ದುಡ್ಡು ಹುಟ್ಟುತ್ತೆ, ಶಿಲಾಫಲಕ ಇರುತ್ತಲ್ಲ! ಪರದೆಯ ಹಗ್ಗ ಬದಲಿಸಿದ್ದಕ್ಕೆ ಯಾರೂ ಫಲಕ ಹಾಕಿಸಲ್ಲ.

ವಿದ್ಯುತ್ತನ್ನೇ ತಗೋ. 1,000 ವ್ಯಾಟಿನ ಹ್ಯಾಲೊಜೆನ್ ದೀಪ 230 ವೋಲ್ಟಿನಲ್ಲಿ ಸುಮಾರು 4.3 ಆಂಪ್ ಎಳೆಯುತ್ತೆ. ಹತ್ತು ಹಚ್ಚಿದರೆ 43. ಫ್ಯಾನು, ಮೈಕು ಎಲ್ಲ ಅದೇ ಸಿಂಗಲ್ ಫೇಸ್ ಮೇಲಿದ್ದು, ಲೋಡು ಮೀರಿದರೆ ತಾನೇ ಕಟ್ ಆಗೋ ಮೇನ್ ಸ್ವಿಚ್ಚು (ಎಂಸಿಬಿ) 32 ಆಂಪಿನದಾದರೆ, ರಾಜ ಸಿಂಹಾಸನದ ಮೇಲೆ ಕೂರೋ ಹೊತ್ತಿಗೆ ಸಭಾಂಗಣ ಕತ್ತಲೆ. ತಂಡದವರು ಜನರೇಟರ್ ಬಾಡಿಗೆ ಕಟ್ಟಿ ಆಟ ಮುಗಿಸ್ತಾರೆ, ಮತ್ತೆ ಆ ಕಡೆ ತಲೆ ಹಾಕಲ್ಲ. ಬುಕಿಂಗ್ ಇಲ್ಲ, ಆದಾಯ ಇಲ್ಲ, ಕೊನೆಗೆ ಬೀಗ. ಅದಕ್ಕೇ ತ್ರೀ ಫೇಸ್ ಸಂಪರ್ಕ, ರಂಗದ ದೀಪಗಳಿಗೆ ಪ್ರತ್ಯೇಕ ಬೋರ್ಡು, ಸರಿಯಾದ ಅರ್ಥಿಂಗ್, ಇಷ್ಟಕ್ಕೆ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದ ಅಂದಾಜು ಪಟ್ಟಿ ಬರೆಸಿ ಪುರಸಭೆಗೆ ಕೊಡೋ ಮನವಿಗೆ ಲಗತ್ತಿಸು. ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ನಾಟಕ ಇರಲಿ ಬಿಡಲಿ ತಿಂಗಳು ತಿಂಗಳು ಬರುತ್ತೆ. ಅದನ್ನು ವಾರ್ಷಿಕ ಖರ್ಚಿಗೆ ಸೇರಿಸದೆ ಹೋದರೆ ಎರಡನೇ ವರ್ಷ ಫ್ಯೂಸ್ ಕೀಳ್ತಾರೆ. ಮನವಿಯನ್ನು ಸದಸ್ಯರ ಕೈಗಷ್ಟೇ ಕೊಟ್ಟು ಬರಬೇಡ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿನ್ನ ಪ್ರತಿಗೆ ಸೀಲು, ತಾರೀಖು ಹಾಕಿಸ್ಕೊ.

ಇಲಾಖೆಯ ಧನಸಹಾಯಕ್ಕೂ ಅರ್ಜಿ ಹಾಕೋದಾದರೆ ನಿಮ್ಮ ಸಂಘದ ಕಾಗದ ನೋಡ್ಕೊ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ವರ್ಷವರ್ಷವೂ ನೋಂದಣಾಧಿಕಾರಿಗೆ ಸಲ್ಲಿಕೆಯಾಗಿರಬೇಕು. ಬ್ಯಾಂಕ್ ಖಾತೆ ಸಂಘದ ಹೆಸರಲ್ಲೇ ಇರಲಿ, ಕಾರ್ಯದರ್ಶಿಯ ಹೆಸರಲ್ಲಲ್ಲ.

ಮಾಹಿತಿ ಹಕ್ಕಿನ ಅರ್ಜಿಯ ಕರಡನ್ನು ವಾಟ್ಸಾಪ್ ಮಾಡು. 150 ದಾಟಿದ್ದರೆ ಕತ್ತರಿಸಿ ಕಳಿಸ್ತೀನಿ.

ನಿನ್ನ ಗೆಳೆಯ