ಏಕವಚನ ಬೇಡ ಎಂದವರು

ಪ್ರೀತಿಯ ಪುಟ್ಟಿ,

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಬಸ್ಸಿನ ಗದ್ದಲದಲ್ಲಿ ಹೇಳುವ ಮಾತಲ್ಲ ಅದು. ಕಾರ್ಖಾನೆ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿಲ್ಲ, ಆಗಲೇ ನಿನ್ನ ಕೈಕೆಳಗೆ ನಲವತ್ತು ಜನ. "ಅಪ್ಪ, ಇಲ್ಲಿ ಎಲ್ಲರೂ ಆಪರೇಟರ್‌ಗಳನ್ನ ಏಕವಚನದಲ್ಲೇ ಮಾತಾಡಿಸ್ತಾರೆ. ಅಮ್ಮನ ವಯಸ್ಸಿನವರಿಗೂ ಹಾಗೇ. ನೀವು-ತಾವು ಅಂದ್ರೆ ತಲೆ ಮೇಲೆ ಕೂರ್ತಾರೆ ಅಂತಾರೆ ಸೀನಿಯರ್. ನಾನೇನು ಮಾಡ್ಲಿ?" ಅಂದೆ.

ನಾನು ಮಿಲ್ಲಿನಲ್ಲಿದ್ದ ಕಾಲಕ್ಕೆ ರಷ್ಯಾದ ಪುಸ್ತಕಗಳು ತುಂಬ ಅಗ್ಗಕ್ಕೆ ಸಿಗುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಿದ್ದೆ. ಅಲ್ಲಿನ ಕಾರ್ಮಿಕರ ಬಗ್ಗೆ ಆಗ ಹಿಡಿದ ಓದಿನ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ನಿನ್ನ ಮಾತು ಕೇಳಿದ ಕೂಡಲೇ ನೆನಪಾದವರು ಅವರೇ.

ರಷ್ಯನ್ ಭಾಷೆಯಲ್ಲೂ ನಮ್ಮ ಹಾಗೇ ಎರಡಿದೆ. 'ತೀ' ಅಂದರೆ ನೀನು, 'ವೀ' ಅಂದರೆ ನೀವು. ಏಕವಚನದಲ್ಲಿ ಮಾತಾಡಿಸುವುದಕ್ಕೇ ಅವರಲ್ಲಿ ಒಂದು ಕ್ರಿಯಾಪದವಿದೆ, 'ತೀಕತ್' ಅಂತ. ಜಾರ್ ದೊರೆಗಳ ಕಾಲದ ಕಾರ್ಖಾನೆಯಲ್ಲಿ ಮೇಸ್ತ್ರಿ ಕಾರ್ಮಿಕನಿಗೆ 'ತೀ' ಅನ್ನುತ್ತಿದ್ದ. ಕಾರ್ಮಿಕ ಮಾತ್ರ 'ವೀ' ಅನ್ನಬೇಕು.

ಆ ಕಾರ್ಮಿಕರೆಲ್ಲ ಹಳ್ಳಿಯಿಂದ ಬಂದವರು. 1861ರಲ್ಲಿ ಜಮೀನ್ದಾರರ ಜೀತ ಹೋಯಿತು. ಆದರೆ ಕೈಗೆ ಬಂದ ತುಂಡು ಭೂಮಿಗೆ ವರ್ಷವರ್ಷ ಕಂತು ಕಟ್ಟಬೇಕಿತ್ತು. ಆ ಕಂತು ಪೂರ್ತಿ ರದ್ದಾದದ್ದು 1907ಕ್ಕೆ. ದುಡ್ಡಿಗಾಗಿ ಮನೆಯ ಮಗ ಮಾಸ್ಕೋಗೋ ಪೀಟರ್ಸ್‌ಬರ್ಗ್‌ಗೋ ಹೊರಡುತ್ತಿದ್ದ. ಅಲ್ಲಿ ಒಂದೇ ಕಡೆಯವರು ಸೇರಿ ಬಾಡಿಗೆ ಮನೆ ಹಿಡಿದು, ಒಟ್ಟಿಗೆ ಅಡುಗೆ ಮಾಡಿಸಿಕೊಳ್ಳುತ್ತಿದ್ದರು. ಅದಕ್ಕೆ 'ಆರ್ತೆಲ್' ಅಂತ ಹೆಸರು. ನಡುವೆ ಒಂದೇ ದೊಡ್ಡ ಬಟ್ಟಲು, ಅದರಲ್ಲಿ ಎಲೆಕೋಸಿನ ಸಾರು. ಸುತ್ತ ಕೂತವರು ಮರದ ಚಮಚದಲ್ಲಿ ಬರೀ ಸಾರನ್ನೇ ತೆಗೆದುಕೊಳ್ಳಬೇಕು. ಮಾಂಸದ ಚೂರು ಕಣ್ಣಿಗೆ ಕಂಡರೂ ಮುಟ್ಟುವ ಹಾಗಿಲ್ಲ. ಸಾರು ತಳ ಸೇರಿದಾಗ ಒಬ್ಬ ಬಟ್ಟಲಿನ ಅಂಚಿಗೆ ಚಮಚದಿಂದ ಟಕ್ ಅಂತ ಬಡಿಯುತ್ತಿದ್ದ. ಆಮೇಲೆ ಮಾಂಸ. ಹನ್ನೊಂದು ಹನ್ನೆರಡು ಗಂಟೆ ದುಡಿದು ಬಂದು ಆ 'ಟಕ್'ಗೆ ಕಾಯುತ್ತಾ ಕೂತವರು ನನ್ನ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ.

ಬಟ್ಟೆ ಮಿಲ್ಲುಗಳಲ್ಲಿ ಇನ್ನೂ ಕಷ್ಟ. ಮಿಲ್ಲಿನದೇ ಬ್ಯಾರಕ್ಕು, ಮಲಗೋಕೆ ಹಲಗೆ. ಒಂದು ಪಾಳಿಯವರು ಎದ್ದು ಹೋದ ಹಲಗೆ ಮೇಲೆ ಇನ್ನೊಂದು ಪಾಳಿಯವರು ಬಂದು ಮಲಗುತ್ತಿದ್ದರು. ಹೊರಗೆ ಹೋಗುವಾಗ ಗೇಟಿನಲ್ಲಿ ಮೈ ತಡಕಿ ನೋಡುತ್ತಿದ್ದರು. ತಡವಾದರೆ ದಂಡ, ಬಟ್ಟೆ ಸರಿಯಿಲ್ಲ ಅಂತ ದಂಡ. ಮಾಸ್ಕೋ ಹತ್ತಿರದ ಒರೆಖೊವೊ-ಜುಯೆವೊದ ಮೊರೊಜೊವ್ ಮಿಲ್ಲಿನಲ್ಲಿ ಸಂಬಳದ ಕಾಲು ಭಾಗ ಹೀಗೇ ಹೋಗುತ್ತಿತ್ತು. 1885ರ ಜನವರಿಯಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಮರುವರ್ಷವೇ ಕಾನೂನು ಬಂತು. ದಂಡದ ದುಡ್ಡು ಮಾಲೀಕನ ಜೇಬಿಗೆ ಹೋಗಬಾರದು, ಕಾರ್ಮಿಕರ ನೆರವಿಗೇ ಬಳಸಬೇಕು ಅಂತ.

ನಾನು ನಿನಗೆ ಮುಖ್ಯವಾಗಿ ಹೇಳಬೇಕಿದ್ದು ಲೇನಾ ಗಣಿಗಳ ವಿಷಯ. ಸೈಬೀರಿಯಾದಲ್ಲಿ, ಚಿನ್ನದ ಗಣಿ. ಕಲ್ಲಿನಂತೆ ಹೆಪ್ಪುಗಟ್ಟಿದ ಮಣ್ಣನ್ನು ಕರಗಿಸಿ ಅಗೆಯಬೇಕು. ನೀರಿನಲ್ಲಿ ನಿಂತು ಕೆಲಸ. ಮೇಲೆ ಬಂದು ಅದೇ ಒದ್ದೆ ಬಟ್ಟೆಯಲ್ಲಿ, ಆ ಚಳಿಯಲ್ಲಿ, ಬ್ಯಾರಕ್ಕಿಗೆ ನಡೆಯಬೇಕು. 1912ರ ಫೆಬ್ರವರಿ ಕೊನೆಗೆ ಕಂಪನಿ ಅಂಗಡಿಯವರು ಕೊಳೆತ ಮಾಂಸ ಕೊಟ್ಟರು. ಅಲ್ಲಿಂದ ಮುಷ್ಕರ ಶುರು. ಅವರ ಬೇಡಿಕೆ ನೋಡು: ದಿನಕ್ಕೆ ಎಂಟು ಗಂಟೆ ಕೆಲಸ. ಕೂಲಿ ಶೇ. 30 ಜಾಸ್ತಿ ಮಾಡಿ. ದಂಡ ಬೇಡ. ಹೆಂಗಸರನ್ನು ಬಲವಂತವಾಗಿ ದುಡಿಸಬೇಡಿ. ಅದರ ಜೊತೆಗೇ ಇನ್ನೊಂದು: ನಮಗೆ 'ತೀ' ಅನ್ನಬೇಡಿ, 'ವೀ' ಅನ್ನಿ.

ಹೊಟ್ಟೆಗೆ ಕೊಳೆತದ್ದು ಸಿಗುವಾಗಲೂ ಅವರು ಆ ಮಾತು ಬಿಡಲಿಲ್ಲ, ಪುಟ್ಟಿ.

ಯಾರೋ ಇವರ ಕಿವಿ ಊದಿದ್ದಾರೆ ಅಂತ ಅಧಿಕಾರಿಗಳು ಹೇಳುತ್ತಿದ್ದರು. ಅದಕ್ಕೆ ಕಾರ್ಮಿಕರು ಒಬ್ಬೊಬ್ಬರೂ ಬೇರೆಬೇರೆ ಚೀಟಿ ಬರೆಸಿಕೊಂಡರು. ಯಾರೂ ನನಗೆ ಹೇಳಿಕೊಟ್ಟಿಲ್ಲ, ನಾನೇ ಕೆಲಸ ನಿಲ್ಲಿಸಿದ್ದೇನೆ ಅಂತ. ಆಗ ರಷ್ಯಾದಲ್ಲಿದ್ದ ಹಳೇ ಕ್ಯಾಲೆಂಡರಿನ ಏಪ್ರಿಲ್ 4ರಂದು ಆ ಚೀಟಿ ಹಿಡಿದು ಸರ್ಕಾರಿ ವಕೀಲರಿಗೆ ಕೊಡಲು ಸಾವಿರಾರು ಜನ ನಡೆದು ಹೊರಟರು. ಸೈನಿಕರು ಗುಂಡು ಹಾರಿಸಿದರು. ನೂರಕ್ಕೂ ಜಾಸ್ತಿ ಜನ ಸತ್ತರು. ಗೃಹಮಂತ್ರಿ ಮಕಾರೊವ್ ಸಂಸತ್ತಿನಲ್ಲಿ ನಿಂತು, ಹೀಗೇ ಆಗಿದೆ, ಮುಂದೆಯೂ ಹೀಗೇ ಆಗುತ್ತೆ ಅಂದ.

ಐದು ವರ್ಷ ಕಳೆಯುವುದರಲ್ಲಿ ಜಾರ್ ಆಳ್ವಿಕೆಯೇ ಇರಲಿಲ್ಲ. ಪೀಟರ್ಸ್‌ಬರ್ಗ್‌ಗೆ ಆಗ ಪೆಟ್ರೊಗ್ರಾಡ್ ಅಂತ ಹೆಸರು. ಕ್ರಾಂತಿ ಶುರು ಮಾಡಿದವರು ಪೆಟ್ರೊಗ್ರಾಡ್‌ನ ಬಟ್ಟೆ ಮಿಲ್ಲಿನ ಹೆಂಗಸರು, ಬ್ರೆಡ್ಡಿಗೆ ಸಾಲು ನಿಂತು ಸಾಕಾದವರು. 1917ರ ಮಹಿಳಾ ದಿನದಂದು ಬೀದಿಗಿಳಿದು, ಪಕ್ಕದ ಕಾರ್ಖಾನೆಗಳ ಗಂಡಸರನ್ನೂ ಹೊರಗೆ ಕರೆದರು. ಒಂದು ವಾರದೊಳಗೆ ಪೆಟ್ರೊಗ್ರಾಡ್ ಸೋವಿಯತ್ತಿನ, ಅಂದರೆ ಕಾರ್ಮಿಕರ ಮತ್ತು ಸೈನಿಕರ ಮಂಡಳಿಯ, ಮೊದಲ ಆದೇಶ ಬಂತು. ಅಧಿಕಾರಿಗಳು ಸೈನಿಕರಿಗೆ 'ತೀ' ಅನ್ನಬಾರದು ಅಂತ ಅದರಲ್ಲಿ ಬರೆದಿತ್ತು. ಕಾರ್ಖಾನೆಗಳಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದ ಮೇಸ್ತ್ರಿಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿ ಗೇಟಿನಾಚೆ ಬಿಟ್ಟು ಬಂದರು.

ಅಲ್ಲಿಗೆ ಕಷ್ಟ ಮುಗಿಯಿತು ಅಂತ ನನ್ನ ಪುಸ್ತಕಗಳು ಹೇಳುತ್ತಿದ್ದವು. ನಾನೂ ನಂಬಿದ್ದೆ. ಆದರೆ 1940ರಲ್ಲಿ ಅದೇ ದೇಶದಲ್ಲಿ ಕೆಲಸಕ್ಕೆ ಇಪ್ಪತ್ತು ನಿಮಿಷಕ್ಕಿಂತ ತಡವಾಗಿ ಬರುವುದು ಕೋರ್ಟಿಗೆ ಎಳೆಯುವ ಅಪರಾಧವಾಯಿತು. 1962ರ ಜೂನ್ 1ರಂದು ಮಾಂಸ, ಬೆಣ್ಣೆಯ ಬೆಲೆ ಏರಿತು. ನೊವೊಚೆರ್ಕಾಸ್ಕ್‌ನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಕೂಲಿಯ ದರವೂ ಇಳಿದಿತ್ತು. ಇನ್ನು ನಾವು ಬದುಕುವುದು ಹೇಗೆ ಅಂತ ಕಾರ್ಮಿಕರು ಕೇಳಿದರು. ಮಾಂಸಕ್ಕೆ ದುಡ್ಡಿಲ್ಲದಿದ್ದರೆ ಲಿವರ್ ತುಂಬಿದ ಬನ್ನು ತಿನ್ನಿ ಅಂದ ನಿರ್ದೇಶಕ. ಬೆಲೆ ಏರಿದ್ದನ್ನು ಸಹಿಸಿಕೊಳ್ಳುತ್ತಿದ್ದರೋ ಏನೋ, ಆ ಮಾತನ್ನು ಸಹಿಸಲಿಲ್ಲ. ಮರುದಿನ ಗುಂಡು ಹಾರಿ 26 ಜನ ಸತ್ತರು. ಆಮೇಲೆ ಏಳು ಜನಕ್ಕೆ ಮರಣದಂಡನೆ. 1980ರ ದಶಕದ ಕೊನೆಯವರೆಗೂ ಆ ಸುದ್ದಿ ಹೊರಬರಲಿಲ್ಲ. ನಾನು ಪಾಳಿ ಮುಗಿಸಿ ಬಂದು ಓದುತ್ತಿದ್ದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಆ ನೋವು ನನಗೆ ಇನ್ನೂ ಇದೆ.

'ನೀನು' ಅನ್ನುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ರಷ್ಯನ್ನರು ದೇವರನ್ನೂ 'ತೀ' ಅಂತಲೇ ಬೇಡಿಕೊಳ್ಳುತ್ತಾರೆ, ನಾವೂ ಹಾಗೇ ಅಲ್ವಾ? ನೀನು ನನಗೆ "ಅಪ್ಪ, ನೀನು ಊಟ ಮಾಡಿದ್ಯಾ?" ಅಂದರೆ ನನಗೆ ಖುಷಿ. ಆದರೆ ನಿನ್ನ ತಾತನೂ ನಾನೂ ಒಂದೇ ಮಿಲ್ಲಿನಲ್ಲಿದ್ದೆವು. ಒಂದು ದಿನ ನನ್ನ ವಯಸ್ಸಿನ ಸೂಪರ್‌ವೈಸರ್ ನನ್ನ ಎದುರೇ ಅವರನ್ನು "ಲೇ, ಬಾರೋ ಇಲ್ಲಿ" ಅಂತ ಕರೆದ. ತಾತ ಹೋದರು. ಆದರೆ ಆವತ್ತು ಮಧ್ಯಾಹ್ನ ಬುತ್ತಿ ಬಿಚ್ಚಲು ನನ್ನ ಪಕ್ಕ ಬಂದು ಕೂರಲಿಲ್ಲ. ಯಂತ್ರದ ಹಿಂದೆ ಒಬ್ಬರೇ ಕೂತು ಉಂಡರು.

ಅಮ್ಮ ಶೇಂಗಾ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಶನಿವಾರ ಪಾರ್ಸೆಲ್ ಹಾಕುತ್ತೇನೆ. ನಿನ್ನ ಲೈನಿನಲ್ಲಿರುವ ಆ ಅಮ್ಮನ ವಯಸ್ಸಿನವರ ಹೆಸರೇನು? ಮುಂದಿನ ಸಲ ಫೋನ್ ಮಾಡಿದಾಗ ಹೇಳು.

ಇಂತಿ ನಿನ್ನ
ಅಪ್ಪ